ರಾತ್ರಿ ಹೊಗೆ ಎದ್ದರೆ ಎಬ್ಬಿಸುವವರು ಯಾರು?

ಬೈರಕೂರು ಹೋಬಳಿಯ ಹಳ್ಳಿಗಳಲ್ಲಿ ಒಂದು ಸುತ್ತು ಹಾಕಿದರೆ ಒಂದೇ ಬೀದಿಯಲ್ಲಿ ಮೂರು ಕಾಲದ ಮನೆಗಳು ಕಾಣುತ್ತವೆ. ಗೋಡೆ ಬಿರುಕು ಬಿಟ್ಟ ಮಣ್ಣಿನ ಮಾಳಿಗೆ ಮನೆ. ಅದರ ಪಕ್ಕ ಕಲ್ಲುಚಪ್ಪಡಿ ಹೊದಿಸಿದ ಮನೆ. ಅದರಾಚೆ ಟೈಲ್ಸ್ ಹಾಕಿ, ಕಿಟಕಿಗೆ ಗಾಜು ಕೂರಿಸಿ, ಬಾಗಿಲಿಗೆ ಕಬ್ಬಿಣದ ಗ್ರಿಲ್ ಇಟ್ಟ ಆರ್‌ಸಿಸಿ ಮನೆ.

ಈ ಮೂರೂ ಮನೆಗಳಿಗೆ ಒಂದೇ ಪ್ರಶ್ನೆ ಕೇಳಿ ನೋಡೋಣ. ನಡುರಾತ್ರಿ ಎಲ್ಲರೂ ಮಲಗಿರುವಾಗ ಒಳಗೆ ಹೊಗೆ ಎದ್ದರೆ, ಎಬ್ಬಿಸುವವರು ಯಾರು?

ಈ ಪ್ರಶ್ನೆಗೆ ಒಂದೊಂದು ಕಾಲ ಒಂದೊಂದು ಉತ್ತರ ಕೊಟ್ಟಿದೆ. ಆ ಉತ್ತರಗಳ ಚರಿತ್ರೆಯನ್ನೇ ಇಲ್ಲಿ ಬರೆಯುತ್ತಿದ್ದೇವೆ. ಕೊನೆಯಲ್ಲಿ ಅಂಗೈಯಗಲದ ಒಂದು ಯಂತ್ರದ ಮಾತು ಬರುತ್ತದೆ. ಅದನ್ನು ಕೊಳ್ಳುವುದು ಬಿಡುವುದು ನಿಮಗೆ ಬಿಟ್ಟಿದ್ದು. ಆದರೆ ಅದು ಯಾಕೆ ಬೇಕಾಯಿತು ಎಂಬುದು ಗೊತ್ತಿರಲಿ.

ಹೊಗೆಗೆ ದಾರಿ ಇದ್ದ ಮನೆ

ನಮ್ಮ ಅಜ್ಜಿಯರ ಕಾಲದಲ್ಲಿ ಹೊಗೆ ಅಂದರೆ ಅಪಾಯ ಅಲ್ಲ, ಅಡುಗೆ. ಸಂಜೆ ಯಾರ ಮನೆಯ ಮೇಲೆ ಹೊಗೆ ಏಳಲಿಲ್ಲವೋ ಆ ಮನೆಯಲ್ಲಿ ಏನೋ ಆಗಿದೆ ಎಂದು ಅಕ್ಕಪಕ್ಕದವರು ವಿಚಾರಿಸುತ್ತಿದ್ದರು.

ಮಾಳಿಗೆ ಮನೆಯ ಅಡುಗೆಕೋಣೆಯ ನೆತ್ತಿಯಲ್ಲಿ ಗವಾಕ್ಷಿ ಇರುತ್ತಿತ್ತು. ಕೆಲವರು ಅದನ್ನು ಬೆಳಕಿಂಡಿ ಅನ್ನುತ್ತಾರೆ. ಬೆಳಕು ಒಳಗೆ ಬರಲು, ಹೊಗೆ ಹೊರಗೆ ಹೋಗಲು ಅದೊಂದೇ ದಾರಿ. ಬೆಳಗ್ಗೆ ಒಲೆ ಹಚ್ಚಿದಾಗ ಗವಾಕ್ಷಿಯಿಂದ ಬಿದ್ದ ಬಿಸಿಲಕೋಲಿನಲ್ಲಿ ಹೊಗೆ ಸುರುಳಿ ಸುರುಳಿಯಾಗಿ ಕಾಣುವುದನ್ನು ನೋಡದವರು ಕಡಿಮೆ. ಬಿಸಿಲು ಇಲ್ಲದ ಕಡೆ ಅದೇ ಹೊಗೆ ಕಣ್ಣಿಗೆ ಅಷ್ಟಾಗಿ ಕಾಣುತ್ತಿರಲಿಲ್ಲ. ಈ ಬಿಸಿಲಕೋಲನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಗವಾಕ್ಷಿ ಇದ್ದರೂ ಆ ಹೊಗೆಯ ಬಹುಪಾಲನ್ನು ಕುಡಿದದ್ದು ಹೆಂಗಸರ ಶ್ವಾಸಕೋಶ. ಅದಕ್ಕೆ ಮದ್ದು ಹುಡುಕಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮುಖ್ಯರು. 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿ ಅಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಕಟ್ಟಿದರು. ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅದರ ಕ್ಷೇತ್ರ ಕೇಂದ್ರ ಇತ್ತು. ಕಡಿಮೆ ಸೌದೆಯಲ್ಲಿ ಉರಿದು, ಹೊಗೆಯನ್ನು ಕೊಳವೆಯಿಂದ ಹೊರಗೆ ಕಳಿಸುವ ‘ಅಸ್ತ್ರ ಒಲೆ’ ಹುಟ್ಟಿದ್ದು ಇದೇ ಕೇಂದ್ರದ ಕೆಲಸದಿಂದ. 1980ರ ದಶಕದಲ್ಲಿ ಅದು ಕರ್ನಾಟಕದ ಹಳ್ಳಿಗಳಿಗೆ ಹರಡಿತು. 2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಸಿಲಿಂಡರ್ ಇಲ್ಲದ ಮನೆಗಳಿಗೂ ಸಿಲಿಂಡರ್ ಬಂತು.

ದಿನನಿತ್ಯದ ಹೊಗೆ ಕಡಿಮೆಯಾಯಿತು. ಒಳ್ಳೆಯದೇ ಆಯಿತು. ಆದರೆ ಹೊಸ ಮನೆ ಕಟ್ಟುವಾಗ ಗವಾಕ್ಷಿಯೂ ಹೋಯಿತು. ಬೇಡದ ಹೊಗೆ ಎದ್ದರೆ ಅದಕ್ಕೆ ಈಗ ಹೊರದಾರಿ ಇಲ್ಲ.

ನಿದ್ದೆಗೆಟ್ಟು ಕಾದವರು

ಹಳೆಯ ಊರಿಗೆ ಬೆಂಕಿಯ ಭಯ ಇರಲಿಲ್ಲ ಎಂದಲ್ಲ. ಹುಲ್ಲಿನ ಗುಡಿಸಲು, ಪಕ್ಕದಲ್ಲೇ ಬಣವೆ, ಬೇಸಿಗೆಯ ಗಾಳಿ. ಒಂದು ಕಿಡಿ ಹಾರಿದರೆ ಕೇರಿಯೇ ಹೋಗುತ್ತಿತ್ತು. ಆಗ ಎಬ್ಬಿಸಲು ನಾಯಿ ಇತ್ತು, ಜಗಲಿಯ ಮೇಲೆ ಮಲಗಿ ಅರ್ಧ ನಿದ್ದೆ ಮಾಡುವ ತಾತ ಇದ್ದರು, ಕೊಟ್ಟಿಗೆಯಲ್ಲಿ ಹಗ್ಗ ಜಗ್ಗಾಡುವ ದನ ಇತ್ತು. ಒಂದೇ ಪಡಸಾಲೆಯಲ್ಲಿ ಹತ್ತು ಜನ ಮಲಗುತ್ತಿದ್ದರಿಂದ ಯಾರಾದರೊಬ್ಬರು ಎಚ್ಚರಾಗುತ್ತಿದ್ದರು.

ಇವರೆಲ್ಲರ ಮೇಲೆ ಊರಿನ ಕಾವಲಿತ್ತು. ಹಳೆ ಮೈಸೂರು ಸೀಮೆಯ ಊರುಗಳಲ್ಲಿ ಪಟೇಲ, ಶಾನುಭೋಗರ ಕೆಳಗೆ ತಳವಾರ, ತೋಟಿ, ನೀರಗಂಟಿ ಎಂಬ ಕೆಲಸಗಳಿದ್ದವು. ರಾತ್ರಿ ಊರು ಕಾಯುವುದು, ಏನಾದರೂ ಆದರೆ ತಮಟೆ ಬಡಿದು ಸಾರುವುದು ಇವರಲ್ಲಿ ಕೆಲವರ ಪಾಲಿಗೆ ಬಂದ ಕೆಲಸ. ಅದು ತಲೆಮಾರಿನಿಂದ ತಲೆಮಾರಿಗೆ ಹೇರಿದ ದುಡಿಮೆ. ಬಹಳ ಊರುಗಳಲ್ಲಿ ಅದನ್ನು ಮಾಡಿದವರು ದಲಿತ ಕುಟುಂಬದವರು. ಊರು ನೆಮ್ಮದಿಯಾಗಿ ಮಲಗಲೆಂದು ಅವರು ನಿದ್ದೆಗೆಟ್ಟರು, ಅವರ ಗುಡಿಸಲುಗಳೇ ಬೆಂಕಿಗೆ ಮೊದಲ ತುತ್ತಾಗುವಂತಿದ್ದವು. ಇದನ್ನು ಮರೆತು ‘ಹಿಂದಿನ ಕಾಲ ಎಷ್ಟು ಚೆನ್ನಾಗಿತ್ತು’ ಎಂದು ಬರೆಯುವುದು ನಮ್ಮಿಂದ ಆಗದು.

1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಈ ವಂಶಪಾರಂಪರ್ಯ ಹುದ್ದೆಗಳನ್ನು ತೆಗೆದುಹಾಕಿತು. ಹೋಗಬೇಕಾದದ್ದೇ ಹೋಯಿತು. ಆದರೆ ರಾತ್ರಿ ಎಬ್ಬಿಸುವ ಕೆಲಸ ಮಾತ್ರ ಖಾಲಿ ಉಳಿಯಿತು.

ಕೋಲಾರ ಸೀಮೆಯ ಬೆಂಕಿಯ ಬಗ್ಗೆ ಬರೆಯುವಾಗ ಇನ್ನೊಂದು ಹೆಸರನ್ನು ದಾಟಿ ಹೋಗಲಾಗದು. 2000ದ ಮಾರ್ಚ್‌ನಲ್ಲಿ, ಆಗ ಕೋಲಾರ ಜಿಲ್ಲೆಗೇ ಸೇರಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಮನುಷ್ಯರೇ ಹಚ್ಚುವ ಬೆಂಕಿಗೆ ಯಾವ ಯಂತ್ರವೂ ಉತ್ತರವಲ್ಲ. ಈ ಬರಹ ಆಕಸ್ಮಿಕ ಬೆಂಕಿಯದ್ದು. ಆ ಬೆಂಕಿಯ ಮಾತೇ ಬೇರೆ.

ತಂತಿಯೊಳಗೆ ಬಂದ ಬೆಂಕಿ

ಕರೆಂಟಿನ ವಿಷಯದಲ್ಲಿ ನಮ್ಮ ಜಿಲ್ಲೆಯದು ವಿಚಿತ್ರ ಕತೆ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ತೆಗೆದ ವಿದ್ಯುತ್ತು ಸುಮಾರು 147 ಕಿ.ಮೀ. ತಂತಿಯಲ್ಲಿ ಹರಿದು ಕೆಜಿಎಫ್ ಚಿನ್ನದ ಗಣಿಗೆ ಬಂತು. ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಚಿನ್ನದ ಗಣಿಗೆ ಬೆಳಕು ಬಂದು ದಶಕಗಳಾದರೂ ಸುತ್ತಲಿನ ಹಳ್ಳಿಗಳಲ್ಲಿ ಸೀಮೆಎಣ್ಣೆ ಬುಡ್ಡಿಯೇ ಉರಿಯುತ್ತಿತ್ತು. ಎಷ್ಟೋ ಬಡವರ ಮನೆಗೆ ಮೊದಲ ಬಲ್ಬು ಬಂದದ್ದು 1970ರ ದಶಕದ ಕೊನೆಯಲ್ಲಿ ಶುರುವಾದ ಭಾಗ್ಯಜ್ಯೋತಿಯಿಂದ.

ಒಂದು ಬಲ್ಬಿಗೆಂದು ಎಳೆದ ತಂತಿಗೆ ಆಮೇಲೆ ಟಿವಿ, ಮಿಕ್ಸಿ, ಫ್ರಿಜ್, ಮೋಟರು, ಯುಪಿಎಸ್ ಬ್ಯಾಟರಿ ಒಂದೊಂದಾಗಿ ಸೇರಿದವು. ಈಗ ಪಡಸಾಲೆಯಲ್ಲೇ ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜಿಗೆ ನಿಲ್ಲುತ್ತದೆ. ದಿಂಬಿನ ಪಕ್ಕ ಮೊಬೈಲ್ ಚಾರ್ಜ್ ಆಗುತ್ತದೆ. ಹಳೆಯ ಬೆಂಕಿ ಒಲೆಯಲ್ಲಿತ್ತು, ಮಲಗುವ ಮುಂಚೆ ಅಮ್ಮ ಕೆಂಡದ ಮೇಲೆ ಬೂದಿ ಮುಚ್ಚಿ ಅದನ್ನು ಮಲಗಿಸುತ್ತಿದ್ದಳು. ಹೊಸ ಬೆಂಕಿ ಗೋಡೆಯೊಳಗಿನ ತಂತಿಯಲ್ಲಿದೆ. ನಾವು ಮಲಗಿದ ಮೇಲೂ ಅದು ಎದ್ದೇ ಇರುತ್ತದೆ.

ತಂತಿಯ ಪ್ಲಾಸ್ಟಿಕ್ಕು, ಫೋಮ್ ಹಾಸಿಗೆ, ಸಿಂಥೆಟಿಕ್ ಬಟ್ಟೆ ಒಮ್ಮೆಲೇ ಧಗ್ಗನೆ ಉರಿಯುವುದು ಕಡಿಮೆ. ಮೊದಲು ಬಹಳ ಹೊತ್ತು ಒಳಗೊಳಗೇ ಕಮರುತ್ತವೆ. ಆಗ ಏಳುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬೆಂಕಿ ಅನಾಹುತಗಳಲ್ಲಿ ಸಾಯುವವರಲ್ಲಿ ಹೆಚ್ಚಿನವರು ಸುಟ್ಟಗಾಯದಿಂದಲ್ಲ, ಹೊಗೆಯಿಂದ ಸಾಯುತ್ತಾರೆ.

‘ಹೊಗೆ ವಾಸನೆ ಬಂದರೆ ಎಚ್ಚರ ಆಗುವುದಿಲ್ಲವೇ?’ ಎಂದು ನೀವು ಕೇಳಬಹುದು. ಆಗುತ್ತದೆ ಎಂದು ನಂಬಿ ಕೂರುವಂತಿಲ್ಲ. ಗಾಢ ನಿದ್ದೆಯಲ್ಲಿ ಕಿವಿ ಸ್ವಲ್ಪ ಎಚ್ಚರವಾಗಿರುತ್ತದೆ, ಮೂಗು ಮಲಗಿಬಿಡುತ್ತದೆ. ವಿಷಾನಿಲ ಸೇರಿದರೆ ನಿದ್ದೆ ಇನ್ನಷ್ಟು ಆಳವಾಗುತ್ತದೆ. ಆದ್ದರಿಂದ ವಾಸನೆಯನ್ನು ಶಬ್ದವಾಗಿ ಬದಲಾಯಿಸುವ ಒಬ್ಬ ಕಾವಲುಗಾರ ಬೇಕಾಯಿತು.

ಸಿಗರೇಟಿನ ಹೊಗೆಯಿಂದ ಹುಟ್ಟಿದ ಯಂತ್ರ

ಆ ಕಾವಲುಗಾರ ಸಿಕ್ಕಿದ್ದು ಆಕಸ್ಮಿಕವಾಗಿ.

1890ರಲ್ಲಿ ಎಡಿಸನ್‌ನ ಜೊತೆಗಾರ ಫ್ರಾನ್ಸಿಸ್ ಅಪ್ಟನ್ ವಿದ್ಯುತ್ತಿನ ಬೆಂಕಿ ಗಂಟೆಗೆ ಅಮೆರಿಕದಲ್ಲಿ ಪೇಟೆಂಟ್ ಪಡೆದ. ಆದರೆ ಅದು ಗುರುತಿಸುತ್ತಿದ್ದದ್ದು ಶಾಖವನ್ನು. ಕೋಣೆ ಅಷ್ಟು ಕಾಯುವ ಹೊತ್ತಿಗೆ ಮಲಗಿದವರಿಗೆ ಹೊತ್ತು ಮೀರಿರುತ್ತದೆ.

1930ರ ದಶಕದ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ಭೌತವಿಜ್ಞಾನಿ ವಾಲ್ಟರ್ ಯೇಗರ್ ವಿಷಾನಿಲ ಪತ್ತೆ ಮಾಡುವ ಯಂತ್ರ ಮಾಡಲು ಹೊರಟಿದ್ದ. ಗಾಳಿಯಲ್ಲಿ ಸಣ್ಣ ವಿದ್ಯುತ್ ಹರಿವು ಉಂಟುಮಾಡಿ, ಅನಿಲ ಬಂದಾಗ ಅದು ಏರುಪೇರಾಗುತ್ತದೆಯೇ ಎಂದು ನೋಡುವುದು ಅವನ ಉಪಾಯ. ಅನಿಲ ಬಿಟ್ಟ, ಮುಳ್ಳು ಅಲುಗಲಿಲ್ಲ. ಬೇಸತ್ತು ಒಂದು ಸಿಗರೇಟು ಹಚ್ಚಿದ. ಮುಳ್ಳು ಅಲುಗಿತು! ಹೊಗೆಯ ಕಣಗಳು ವಿದ್ಯುತ್ ಹರಿವಿಗೆ ಅಡ್ಡ ಬಂದಿದ್ದವು. ಅದೇ ದೇಶದ ಅರ್ನ್ಸ್ಟ್ ಮೈಲಿ 1940ರ ದಶಕದಲ್ಲಿ ಆ ಸಣ್ಣ ಸೂಚನೆಯನ್ನು ಗಂಟೆ ಬಾರಿಸುವಷ್ಟು ದೊಡ್ಡದು ಮಾಡಿದ.

ಆದರೂ ಅದು ಕಾರ್ಖಾನೆಯ ಸಾಮಾನು. ಮನೆಗೆ ಬಂದದ್ದು 1965ರಲ್ಲಿ ಅಮೆರಿಕದ ಕೊಲರಾಡೋದ ಡುವೇನ್ ಪಿಯರ್ಸಲ್ ಬ್ಯಾಟರಿಯಲ್ಲಿ ನಡೆಯುವ ಪುಟ್ಟ ಯಂತ್ರ ರೂಪಿಸಿದ ಮೇಲೆ. ಅದೇ 1965ರಲ್ಲಿ ನಮ್ಮ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯ ಆಳದಲ್ಲಿ ವಿಜ್ಞಾನಿಗಳು ನ್ಯೂಟ್ರಿನೋ ಎಂಬ ಕಾಣದ ಕಣದ ಸುಳಿವು ಹಿಡಿದು ಜಗತ್ತಿನ ಗಮನ ಸೆಳೆದಿದ್ದರು. ಕಣ್ಣಿಗೆ ಕಾಣದ್ದನ್ನು ಯಂತ್ರದಿಂದ ಹಿಡಿಯುವ ಕೆಲಸ ನಮ್ಮ ಜಿಲ್ಲೆಗೆ ಹೊಸದಲ್ಲ.

ಪಿಯರ್ಸಲ್ ಮಾಡಿದ ಬಗೆಯನ್ನು ಅಯಾನೀಕರಣ ಬಗೆ ಎನ್ನುತ್ತಾರೆ. ಅದರೊಳಗೆ ಅಮೆರಿಸಿಯಂ-241 ಎಂಬ ವಿಕಿರಣ ವಸ್ತು ಅತಿ ಸಣ್ಣ ಪ್ರಮಾಣದಲ್ಲಿ ಇರುತ್ತದೆ. ಹಾಗಾಗಿ ಭಾರತದಲ್ಲಿ ಈ ಬಗೆಯವು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮಕ್ಕೆ ಒಳಪಡುತ್ತವೆ. ಧಗ್ಗನೆ ಉರಿಯುವ ಬೆಂಕಿಯನ್ನು ಇದು ಬೇಗ ಹಿಡಿಯುತ್ತದೆ, ಕಮರುವ ಹೊಗೆಗೆ ತಡ ಮಾಡುತ್ತದೆ.

1970ರ ದಶಕದಲ್ಲಿ ಬಂದ ಇನ್ನೊಂದು ಬಗೆ ಫೋಟೋಎಲೆಕ್ಟ್ರಿಕ್. ಇಲ್ಲಿ ಗವಾಕ್ಷಿಯ ಬಿಸಿಲಕೋಲನ್ನು ನೆನಪಿಸಿಕೊಳ್ಳಿ. ಕತ್ತಲ ಗೂಡಿನೊಳಗೆ ಒಂದು ಸಣ್ಣ ಬೆಳಕಿನ ಕೋಲು. ಬದಿಯಲ್ಲಿ ಒಂದು ಎಲೆಕ್ಟ್ರಾನಿಕ್ ಕಣ್ಣು. ಗಾಳಿ ಶುದ್ಧವಾಗಿದ್ದರೆ ಬೆಳಕು ನೇರ ಹೋಗುತ್ತದೆ, ಕಣ್ಣಿಗೆ ಏನೂ ಕಾಣದು. ಹೊಗೆ ಬಂದರೆ ಬೆಳಕು ಚದುರಿ ಕಣ್ಣಿಗೆ ಬೀಳುತ್ತದೆ, ಗಂಟೆ ಬಾರಿಸುತ್ತದೆ. ಅಜ್ಜಿಯ ಅಡುಗೆಮನೆಯಲ್ಲಿ ನಾವು ಆಟದಂತೆ ನೋಡಿದ್ದನ್ನೇ ಯಂತ್ರ ರಾತ್ರಿಯಿಡೀ ನೋಡುತ್ತಾ ಕೂರುತ್ತದೆ.

ಅಮೆರಿಕದಲ್ಲಿ 1970ರ ದಶಕದ ಆರಂಭದಲ್ಲಿ ಈ ಯಂತ್ರ ಇದ್ದ ಮನೆಗಳು ಬೆರಳೆಣಿಕೆಯಷ್ಟು. 1990ರ ದಶಕದ ಹೊತ್ತಿಗೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮನೆಗಳಲ್ಲಿ ಬಂದಿತ್ತು. ಕೆಲಸ ಮಾಡುವ ಅಲಾರಂ ಇರುವ ಮನೆಯಲ್ಲಿ ಬೆಂಕಿಯಿಂದ ಸಾಯುವ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಅಲ್ಲಿನ ಅನುಭವ. ‘ಕೆಲಸ ಮಾಡುವ’ ಎಂಬ ಮಾತು ಮುಖ್ಯ. ಬ್ಯಾಟರಿ ತೆಗೆದು ಮಕ್ಕಳ ಆಟಿಕೆಗೆ ಹಾಕಿದರೆ ಗೋಡೆಗೆ ಡಬ್ಬಿ ಹೊಡೆದಂತೆ ಅಷ್ಟೆ.

ಬೆಂಗಳೂರು ಕಲಿತ ಪಾಠ, ಹಳ್ಳಿಗೆ ಬಾರದ ಪಾಠ

ನಮ್ಮ ರಾಜ್ಯದಲ್ಲಿ ಅಗ್ನಿಶಾಮಕ ಸೇವೆಗೆ 1964ರ ಕಾಯ್ದೆ ಇದೆ. ಎತ್ತರದ ಕಟ್ಟಡ, ಆಸ್ಪತ್ರೆ, ಹೋಟೆಲು ಹೀಗೆ ಜನ ಸೇರುವ ಕಡೆ ಬೆಂಕಿ ಪತ್ತೆ ವ್ಯವಸ್ಥೆಯ ಬಗ್ಗೆ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ.

2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಕರೆಂಟ್ ಕೇಬಲ್ ಹಾದುಹೋಗುವ ಶಾಫ್ಟ್‌ನಲ್ಲಿ ಹೊತ್ತಿದ ಬೆಂಕಿಯ ಹೊಗೆ ಮಹಡಿಗಳನ್ನು ತುಂಬಿತು. ಒಂಬತ್ತು ಮಂದಿ ಸತ್ತರು. ಉಸಿರುಕಟ್ಟಿ ಕಿಟಕಿಯಿಂದ ಹಾರಿದವರೂ ಅವರಲ್ಲಿದ್ದರು. ಅದು ಹಗಲು ಹೊತ್ತು, ಎಲ್ಲರೂ ಎಚ್ಚರವಿದ್ದರು. ಆದರೂ ಹೊಗೆ ಗೆದ್ದಿತು. ಸತ್ತವರ ಮನೆಯವರು ಮತ್ತು ಬದುಕುಳಿದವರು ಸೇರಿ ‘ಬಿಯಾಂಡ್ ಕಾರ್ಲ್‌ಟನ್’ ಎಂಬ ಸಂಘಟನೆ ಕಟ್ಟಿ ಬೆಂಕಿ ಸುರಕ್ಷತೆಯ ಬಗ್ಗೆ ಕೆಲಸ ಮಾಡುತ್ತಿದ್ದಾರೆ.

ಹಳ್ಳಿಯ ಒಂದಂತಸ್ತಿನ ಮನೆಗೆ ಇಂಥ ಯಾವ ಕಡ್ಡಾಯವೂ ಇಲ್ಲ. ಅಗ್ನಿಶಾಮಕ ವಾಹನ ತಾಲ್ಲೂಕು ಕೇಂದ್ರದಿಂದ ಹೊರಟು ಕೊನೆಯ ಹಳ್ಳಿ ಮುಟ್ಟುವ ಹೊತ್ತಿಗೆ ಆಗಬೇಕಾದದ್ದು ಆಗಿಬಿಟ್ಟಿರಬಹುದು. ಅಂದರೆ ಬೇಗ ಎಚ್ಚರವಾಗುವುದು ಪಟ್ಟಣದವರಿಗಿಂತ ನಮಗೇ ಹೆಚ್ಚು ಅಗತ್ಯ.

ಕೊಳ್ಳುವುದಾದರೆ ಯಾವುದು?

ಮಲಗುವ ಕೋಣೆಗೆ, ಪಡಸಾಲೆಗೆ ಫೋಟೋಎಲೆಕ್ಟ್ರಿಕ್ ಬಗೆಯದೇ ಸರಿ. ಡಬ್ಬಿಯ ಮೇಲೆ ‘ಫೋಟೋಎಲೆಕ್ಟ್ರಿಕ್’ ಅಥವಾ ‘ಆಪ್ಟಿಕಲ್’ ಎಂದು ಬರೆದಿರುತ್ತದೆ. ಇಎನ್ 14604 ಅಥವಾ ಯುಎಲ್ 217 ಎಂಬ ಗುರುತು ಇದ್ದರೆ ಮನೆಬಳಕೆಯ ಅಲಾರಂಗೆಂದೇ ಇರುವ ಪರೀಕ್ಷೆಯಲ್ಲಿ ಪಾಸಾಗಿದೆ ಎಂದರ್ಥ.

ಒಂದು ಮೋಸ ಹೋಗುವ ಜಾಗ ಇದೆ. ಅಂಗಡಿಯಲ್ಲಿ, ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಎಷ್ಟೋ ಡಿಟೆಕ್ಟರುಗಳು ಆಫೀಸು ಕಟ್ಟಡಗಳ ಪ್ಯಾನೆಲ್‌ಗೆ ಜೋಡಿಸುವಂಥವು. ಅವು ಹೊಗೆ ಹಿಡಿಯುತ್ತವೆ, ಆದರೆ ತಾವಾಗಿ ಕೂಗುವುದಿಲ್ಲ. ಮನೆಗೆ ಬೇಕಾದದ್ದು ಬ್ಯಾಟರಿ, ಸೈರನ್ ಎರಡೂ ಒಳಗೇ ಇರುವ ಬಿಡಿ ಅಲಾರಂ. ಕೊಳ್ಳುವಾಗ ‘ಇದೊಂದನ್ನೇ ಹಾಕಿದರೆ ಶಬ್ದ ಬರುತ್ತದಾ?’ ಎಂದು ಕೇಳಿ, ಟೆಸ್ಟ್ ಬಟನ್ ಒತ್ತಿಸಿ ಕೇಳಿಸಿಕೊಳ್ಳಿ. ಕರೆಂಟು ಹೋಗಿ ಬರುವ ನಮ್ಮ ಕಡೆ ಬ್ಯಾಟರಿಯದ್ದೇ ವಾಸಿ. ಹತ್ತು ವರ್ಷ ಬಾಳುವ ಸೀಲ್ ಮಾಡಿದ ಲಿಥಿಯಂ ಬ್ಯಾಟರಿಯವೂ ಇವೆ.

ಹೊಗೆ ಅಲಾರಂ ಗ್ಯಾಸ್ ಸೋರಿಕೆಯನ್ನು ಹಿಡಿಯುವುದಿಲ್ಲ. ಅದಕ್ಕೆ ಬೇರೆಯೇ ಯಂತ್ರ. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತದೆ. ಹಾಗಾಗಿ ಆ ಯಂತ್ರವನ್ನು ನೆಲದ ಹತ್ತಿರ ಹಾಕಬೇಕು. ಹೊಗೆ ಮೇಲೇರುತ್ತದೆ, ಹೊಗೆ ಅಲಾರಂ ಸೂರಿನಲ್ಲಿ ಇರಬೇಕು.

ಎಲ್ಲಿ ಹಾಕಬೇಕು, ಎಲ್ಲಿ ಬೇಡ?

ಒಂದೇ ಕೊಳ್ಳಲು ಆಗುವುದಾದರೆ ಮಲಗುವ ಕೋಣೆಗಳ ಬಾಗಿಲ ಹೊರಗೆ, ಪಡಸಾಲೆಯ ಸೂರಿಗೆ ಹಾಕಿ. ಎರಡನೆಯದು ಮಲಗುವ ಕೋಣೆಯೊಳಗೆ. ಸೂರಿನ ನಡುಭಾಗಕ್ಕೆ ಹತ್ತಿರವಿರಲಿ, ಗೋಡೆ ಮೂಲೆ ಬೇಡ. ಫ್ಯಾನಿನ ಗಾಳಿ ನೇರ ಬಡಿಯುವ ಕಡೆಯೂ ಬೇಡ, ಗಾಳಿ ಹೊಗೆಯನ್ನು ತಳ್ಳಿಬಿಡುತ್ತದೆ. ಶೀಟು ಅಥವಾ ಹೆಂಚಿನ ಇಳಿಜಾರು ಸೂರಾದರೆ ಮೇಲ್ತುದಿಯ ಹತ್ತಿರ, ಆದರೆ ತೀರಾ ತುದಿಯ ಮೂಲೆಯಲ್ಲಲ್ಲ.

ಅಡುಗೆಮನೆಯಲ್ಲಿ ಹಾಕಬೇಡಿ. ಒಗ್ಗರಣೆಗೆ ಒಣಮೆಣಸಿನಕಾಯಿ ಬಿದ್ದರೆ ಸಾಕು, ಅದು ಕೂಗಲು ಶುರುಮಾಡುತ್ತದೆ. ಎರಡು ದಿನ ಕೂಗಿದರೆ ಮೂರನೇ ದಿನ ಮನೆಯವರು ಬ್ಯಾಟರಿ ಕೀಳುತ್ತಾರೆ. ಸೌದೆ ಒಲೆ ಇರುವ ಮನೆಯಲ್ಲಂತೂ ಅಲಾರಂ ಒಲೆಯಿಂದ ಆದಷ್ಟು ದೂರವಿರಲಿ, ಮೊದಲು ಒಲೆಯ ಹೊಗೆಗೆ ಕೊಳವೆ ಆಗಲಿ. ಅಡುಗೆಮನೆಗೆ ಬೇಕೆಂದರೆ ಶಾಖ ಹಿಡಿಯುವ ಅಲಾರಂ ಸಿಗುತ್ತದೆ. ದೇವರ ಕೋಣೆಯ ಸಾಂಬ್ರಾಣಿ ಹೊಗೆಯಿಂದಲೂ ದೂರವಿಡಿ.

ರೇಷ್ಮೆ ಸಾಕುವವರಿಗೆ ಒಂದು ಮಾತು. ಹುಳುಮನೆಯಲ್ಲಿ ತೇವ ಹೆಚ್ಚು, ಹುಳುವಿನ ಮೇಲೆ ಎರಚುವ ಸುಣ್ಣದ ಪುಡಿಯ ಧೂಳೂ ಇರುತ್ತದೆ. ಅಲ್ಲಿ ಹೊಗೆ ಅಲಾರಂ ಸುಮ್ಮಸುಮ್ಮನೆ ಕೂಗಬಹುದು, ಬೇಗ ಕೆಡಲೂಬಹುದು. ಆದರೆ ಚಳಿಗಾಲದಲ್ಲಿ ಕಾವಿಗೆಂದು ಇದ್ದಿಲ ಕೆಂಡ ಇಟ್ಟು ಅದೇ ಮುಚ್ಚಿದ ಕೋಣೆಯಲ್ಲಿ ಮಲಗುವುದು ಹೊಗೆಗಿಂತ ದೊಡ್ಡ ಅಪಾಯ. ಕೆಂಡ ಹೊಗೆಯಾಡದೆಯೇ ವಿಷಾನಿಲ ಬಿಡುತ್ತದೆ. ಹೊಗೆ ಅಲಾರಂಗೆ ಅದು ಗೊತ್ತೇ ಆಗುವುದಿಲ್ಲ. ಕೆಂಡವಿರುವ ಕೋಣೆಯಲ್ಲಿ ಯಾರೂ ಮಲಗಬಾರದು.

ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ. ಅಮಾವಾಸ್ಯೆಗೋ ಹುಣ್ಣಿಮೆಗೋ ಎಂದು ಗುರುತಿಟ್ಟುಕೊಂಡರೆ ಮರೆಯುವುದಿಲ್ಲ. ಹಬ್ಬಕ್ಕೆ ಜೇಡರ ಬಲೆ ತೆಗೆಯುವಾಗ ಅದರ ಧೂಳನ್ನೂ ಒಣಬಟ್ಟೆಯಿಂದ ಒರೆಸಿ. ಆಗಾಗ ‘ಚಿಂವ್’ ಎಂದು ಸಣ್ಣ ಶಬ್ದ ಬಂದರೆ ಬ್ಯಾಟರಿ ಮುಗಿಯುತ್ತಿದೆ ಎಂದರ್ಥ. ಹತ್ತು ವರ್ಷಕ್ಕೆ ಯಂತ್ರವನ್ನೇ ಬದಲಾಯಿಸಬೇಕು.

ಕೂಗಿದ ಮೇಲೆ

ಯಂತ್ರ ಎಬ್ಬಿಸುತ್ತದೆ, ಅಷ್ಟೆ. ಬಾಗಿಲು ತೆಗೆಯುವುದು ನಾವೇ. ಗ್ರಿಲ್‌ಗೆ ಬೀಗ ಹಾಕಿ ಬೀಗದ ಕೈಯನ್ನು ಬೀರುವಿನಲ್ಲಿ ಇಡುವ ರೂಢಿ ನಮ್ಮಲ್ಲಿ ಬಹಳ. ಕತ್ತಲಲ್ಲಿ, ಹೊಗೆಯಲ್ಲಿ ಅದನ್ನು ಹುಡುಕಲು ಆಗದು. ಮನೆಯ ಮಕ್ಕಳಿಗೂ ಗೊತ್ತಿರುವ ಒಂದು ಮೊಳೆಗೆ, ಹೊರಗಿನಿಂದ ಕೈಗೆ ಸಿಗದ ಜಾಗದಲ್ಲಿ, ರಾತ್ರಿ ಬೀಗದ ಕೈ ತೂಗುಹಾಕಿ.

ಹೊಗೆ ಮೇಲಿರುತ್ತದೆ, ಉಸಿರಾಡುವ ಗಾಳಿ ಕೆಳಗಿರುತ್ತದೆ. ಬಗ್ಗಿ, ಬೇಕಾದರೆ ತೆವಳಿ ಹೊರಗೆ ಬನ್ನಿ. ಮಕ್ಕಳು ಅಲಾರಂ ಕೂಗಿದರೂ ಏಳದೇ ಇರಬಹುದು. ವಯಸ್ಸಾದವರಿಗೆ ಆ ಕೀರಲು ಶಬ್ದ ಕೇಳದೇ ಇರಬಹುದು. ಯಾರು ಯಾರನ್ನು ಎಬ್ಬಿಸಬೇಕು ಎಂದು ಮೊದಲೇ ಮಾತಾಡಿಕೊಳ್ಳಿ. ಹೊರಗೆ ಬಂದ ಮೇಲೆ ಪಹಣಿ, ಒಡವೆ ಎಂದು ಮತ್ತೆ ಒಳಗೆ ಹೋಗಬೇಡಿ. 112ಕ್ಕೆ ಅಥವಾ 101ಕ್ಕೆ ಫೋನ್ ಮಾಡಿ, ಊರಿನ ಹೆಸರಿನ ಜೊತೆ ಹೋಬಳಿಯ ಹೆಸರನ್ನೂ ಹೇಳಿ. ಒಂದೇ ಹೆಸರಿನ ಹಳ್ಳಿಗಳು ನಮ್ಮಲ್ಲಿ ಬಹಳ.

ಆಮೇಲೆ ಪಕ್ಕದ ಮನೆಯ ಬಾಗಿಲು ಬಡಿಯಿರಿ. ಒಂದು ಕಾಲದಲ್ಲಿ ಊರಿಡೀ ಮಲಗಲೆಂದು ಕೆಲವರ ಮೇಲೆ ನಿದ್ದೆಗೇಡನ್ನು ಹೊರಿಸಿದ್ದೆವು. ಈಗ ಆ ಕೆಲಸವನ್ನು ಒಂದು ಬ್ಯಾಟರಿ ಮಾಡುತ್ತದೆ. ಅದು ನಿಮ್ಮ ಮನೆಯವರನ್ನು ಮಾತ್ರ ಎಬ್ಬಿಸುತ್ತದೆ. ಬೀದಿಯನ್ನು ಎಬ್ಬಿಸುವ ಕೆಲಸ ಇನ್ನೂ ನಮ್ಮದೇ.